ಆರನೇ ತರಗತಿಗೆ ಯಾವ ಶಾಲೆ? ತಳೇಗಾಂವ್‌ನಲ್ಲಿ ಮೂರು ಆಯ್ಕೆಗಳ ಮುಂದೆ ನಿಂತ ಕನ್ನಡ ಕುಟುಂಬಕ್ಕೆ

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ನಾನು ಪುಣೆ ಹತ್ತಿರದ ಚಾಕಣ ಕಡೆಯ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ, ಮನೆ ತಳೇಗಾಂವ್ ದಾಭಾಡೆಯಲ್ಲಿ. ಮಗಳು ಇಷ್ಟು ದಿನ ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಸರಕಾರಿ ಕನ್ನಡ ಶಾಲೆಯಲ್ಲಿ ಓದಿದಳು. ಈ ಏಪ್ರಿಲ್‌ಗೆ ಐದನೆಯದು ಮುಗಿಯುತ್ತದೆ. ಜೂನ್‌ನಿಂದ ಇಲ್ಲಿಗೇ ಕರೆತರುತ್ತೇವೆ. ಖಾಸಗಿ ಇಂಗ್ಲಿಷ್ ಶಾಲೆಯ ಫೀ ನಮ್ಮಿಂದ ಆಗದು. ಮನೆಗೆ ಹತ್ತಿರ ನಗರ ಪರಿಷದ್ ಶಾಲೆ ಇದೆ, 1ರಿಂದ 7. ಪಕ್ಕದ ಹಳ್ಳಿಯಲ್ಲಿ ಜಿಲ್ಲಾ ಪರಿಷದ್ ಶಾಲೆ, 1ರಿಂದ 8, ಸೆಮಿ ಇಂಗ್ಲಿಷ್ (ಗಣಿತ, ವಿಜ್ಞಾನ ಮಾತ್ರ ಇಂಗ್ಲಿಷಿನಲ್ಲಿ) ಅನ್ನುತ್ತಾರೆ. ಊರೊಳಗೆ ಅನುದಾನಿತ ಹೈಸ್ಕೂಲು, 5ರಿಂದ 10. ಅಕ್ಕಪಕ್ಕದವರೆಲ್ಲ ಹೈಸ್ಕೂಲಿನ ಹತ್ತನೇ ರಿಸಲ್ಟ್ ತೋರಿಸಿ ಅಲ್ಲಿಗೇ ಹಾಕಿ ಎನ್ನುತ್ತಾರೆ. ಮಗಳಿಗೆ ಮರಾಠಿ ಓದಲು ಬರುವುದಿಲ್ಲ. ಹೇಗೆ ತೀರ್ಮಾನಿಸಬೇಕು?

ಉತ್ತರ: ಮೊದಲು ನೇರವಾಗಿ ಹೇಳುತ್ತೇನೆ. ಜಿಲ್ಲಾ ಪರಿಷದ್ ಶಾಲೆಯಲ್ಲಿ 6ರಿಂದ 8ಕ್ಕೆಂದೇ ನೇಮಕವಾದ ಪದವೀಧರ ಶಿಕ್ಷಕರು ಮೂವರೂ ಕೆಲಸದ ಮೇಲಿದ್ದು, ಹೋಗಿಬರುವ ದಾರಿ ಸುರಕ್ಷಿತವಾಗಿದ್ದರೆ ಮಗಳನ್ನು ಅಲ್ಲಿಗೇ ಸೇರಿಸಿ. ಇವೆರಡರಲ್ಲಿ ಒಂದು ತಪ್ಪಿದರೂ ಅನುದಾನಿತ ಹೈಸ್ಕೂಲು ನೋಡಿ, ಅದೂ ಅಲ್ಲಿನ ಅನುದಾನಿತ ತುಕಡಿಯಲ್ಲಿ (ಸೆಕ್ಷನ್ನಿನಲ್ಲಿ) ಜಾಗ ಸಿಕ್ಕರೆ. ನಗರ ಪರಿಷದ್ ಶಾಲೆ ನಿಜಕ್ಕೂ ಏಳಕ್ಕೇ ನಿಲ್ಲುವುದಾದರೆ ಅದು ಕೊನೆಯ ಆಯ್ಕೆ. ಈ ಕ್ರಮ ನಿಮ್ಮ ಮಗಳಿಗೆ ಹೊಂದುತ್ತದೋ ಇಲ್ಲವೋ ಎಂಬುದನ್ನು ನೀವೇ ಒಂದು ವಾರದಲ್ಲಿ ತಿಳಿಯಬಹುದು.

ನೆರೆಯವರು ತೋರಿಸುವ ಹತ್ತನೇ ರಿಸಲ್ಟ್ ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಅದು 9 ಮತ್ತು 10ಕ್ಕೆ ಪಾಠ ಮಾಡುವ ಶಿಕ್ಷಕರ, ಮಕ್ಕಳು ಹೋಗುವ ಟ್ಯೂಷನ್ನಿನ, ಪರೀಕ್ಷೆಯವರೆಗೆ ಉಳಿದ ಮಕ್ಕಳ ಲೆಕ್ಕ. ಆರನೇ ತರಗತಿಯಲ್ಲಿ ಭಿನ್ನರಾಶಿ ಯಾರು ಕಲಿಸುತ್ತಾರೆ ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಶೇಕಡಾ 95 ಎಂದು ಬೋರ್ಡು ಹಾಕಿದ ಶಾಲೆಯಲ್ಲಿ ಎರಡು ವರ್ಷ ಹಿಂದೆ ಎಂಟರಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಂದಿ ಹತ್ತನೆಯ ಪರೀಕ್ಷೆಗೆ ಕೂತರು ಎಂದು ಕೇಳಿ. ಉದಾಹರಣೆಗೆ ಎಂಟರಲ್ಲಿ 120 ಮಕ್ಕಳಿದ್ದು 90 ಮಂದಿ ಪರೀಕ್ಷೆ ಬರೆದು 85 ಮಂದಿ ಪಾಸಾಗಿದ್ದರೆ ಬೋರ್ಡಿನ ಮೇಲೆ 94 ಎಂದು ಬರುತ್ತದೆ. ಎಂಟರಿಂದ ಎಣಿಸಿದರೆ ಅದು 71 ಮಾತ್ರ. ಬಿಟ್ಟುಹೋದ 30 ಮಕ್ಕಳಲ್ಲಿ ಕೆಲವರು ಊರು ಬದಲಿಸಿರಬಹುದು, ಎಲ್ಲರೂ ಅಲ್ಲ.

ಶಾಲೆ ಎಲ್ಲಿಗೆ ಮುಗಿಯುತ್ತದೆ

ಮಹಾರಾಷ್ಟ್ರದ ಹಳೆಯ ಏರ್ಪಾಟಿನಲ್ಲಿ 1ರಿಂದ 4 ಒಂದು ಹಂತ, 5ರಿಂದ 7 ಮತ್ತೊಂದು, 8ರಿಂದ 10 ಹೈಸ್ಕೂಲು. 2009ರ ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5, 6ರಿಂದ 8 ಎಂದು ಬೇರೆ ಗೆರೆ ಎಳೆಯಿತು. ಹಳೆಯ ಕಟ್ಟಡಗಳು, ಹಳೆಯ ಹುದ್ದೆಗಳು ಆ ಗೆರೆಗೆ ಪೂರ್ತಿ ಹೊಂದಿಕೊಂಡಿಲ್ಲ. ಅದಕ್ಕೇ ಒಂದೇ ಊರಲ್ಲಿ ಏಳಕ್ಕೆ, ಎಂಟಕ್ಕೆ, ಹತ್ತಕ್ಕೆ ನಿಲ್ಲುವ ಮೂರು ಬಗೆಯ ಶಾಲೆ ನಿಮಗೆ ಸಿಕ್ಕಿವೆ.

ಏಳಕ್ಕೆ ನಿಂತರೆ ಮಗಳು ಎರಡು ವರ್ಷದಲ್ಲಿ ಮತ್ತೆ ಶಾಲೆ ಬದಲಿಸಬೇಕು. ಮೊದಲ ವರ್ಷ ಭಾಷೆಗೇ ಹೋಗುತ್ತದೆ, ಎರಡನೆಯ ವರ್ಷ ಕಾಲೂರುವ ಹೊತ್ತಿಗೆ ಮತ್ತೆ ಹೊಸ ಬೆಂಚು, ಹೊಸ ಶಿಕ್ಷಕರು. ಮೇಲಾಗಿ ಎಂಟರ ಕೊನೆಗೆ ಈಗ ನಿಜವಾದ ವಾರ್ಷಿಕ ಪರೀಕ್ಷೆ ಇದೆ. ಮಹಾರಾಷ್ಟ್ರ 2023ರಲ್ಲಿ ನಿಯಮ ತಿದ್ದಿ 5 ಮತ್ತು 8ಕ್ಕೆ ಅದನ್ನು ತಂದಿದೆ. ಅನುತ್ತೀರ್ಣರಾದವರಿಗೆ ಮರುಪರೀಕ್ಷೆ ಉಂಟು. ಅದರಲ್ಲೂ ಆಗದಿದ್ದರೆ ಅದೇ ತರಗತಿ. ಆ ವರ್ಷವನ್ನೇ ಹೊಸ ಶಾಲೆಯಲ್ಲಿ ಶುರುಮಾಡಿಸುವುದು ಒಳ್ಳೆಯದಲ್ಲ. ನಗರ ಪರಿಷದ್ ಶಾಲೆಗೆ ಎಂಟನೆಯ ತರಗತಿ ಜೋಡಿಸಿರುವ ಊರುಗಳೂ ಇವೆ. ಹಾಗಾಗಿ ಮುಖ್ಯಾಧ್ಯಾಪಕರನ್ನು ನೇರವಾಗಿ ಕೇಳಿ: ಮುಂದಿನ ವರ್ಷಕ್ಕೆ ಎಂಟು ಮಂಜೂರಾಗಿದೆಯೇ, ಮಂಜೂರಾತಿಯ ಕಾಗದ ಬಂದಿದೆಯೇ? ‘ಆಗುತ್ತದೆ’ ಎಂಬ ಭರವಸೆಯನ್ನು ನಂಬಿ ಸೇರಿಸಬೇಡಿ.

ಎಂಟಕ್ಕೆ ನಿಲ್ಲುವ ಜಿಲ್ಲಾ ಪರಿಷದ್ ಶಾಲೆಯಲ್ಲೂ ಒಂದು ತೊಡಕಿದೆ. ಹೈಸ್ಕೂಲುಗಳು ಒಂಬತ್ತನೆಯದನ್ನು ಮೊದಲು ತಮ್ಮದೇ ಎಂಟರ ಮಕ್ಕಳಿಂದ ತುಂಬಿಕೊಳ್ಳುತ್ತವೆ. ಹೋದ ವರ್ಷ ಎಂಟು ಮುಗಿಸಿದ ಮಕ್ಕಳು ಎಲ್ಲಿಗೆ ಸೇರಿದರು ಎಂದು ಆ ಮಕ್ಕಳ ತಾಯಂದಿರಿಂದಲೇ ತಿಳಿದುಕೊಳ್ಳಿ. ನಾಲ್ಕಾರು ಮಂದಿ ಒಂದೇ ಹೈಸ್ಕೂಲಿನ ಹೆಸರು ಹೇಳಿದರೆ ದಾರಿ ಇದೆ ಎಂದರ್ಥ. ಒಬ್ಬೊಬ್ಬರು ಒಂದೊಂದು ಕಡೆ ಅಲೆದಿದ್ದರೆ ಮಗಳು ಎಂಟಕ್ಕೆ ಬಂದ ವರ್ಷದ ದೀಪಾವಳಿಯಿಂದಲೇ ಜಾಗ ಹುಡುಕಲು ಶುರುಮಾಡಬೇಕು.

6ರಿಂದ 8ಕ್ಕೆ ಯಾರು ಪಾಠ ಮಾಡುತ್ತಾರೆ

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕಾಯ್ದೆಯ ಪ್ರಕಾರ 6ರಿಂದ 8ಕ್ಕೆ ತರಗತಿಗೆ ಒಬ್ಬರಾದರೂ ಶಿಕ್ಷಕರಿರಬೇಕು, 35 ಮಕ್ಕಳಿಗೆ ಒಬ್ಬರ ಲೆಕ್ಕ. ಜೊತೆಗೆ ಗಣಿತ-ವಿಜ್ಞಾನಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ತಲಾ ಒಬ್ಬರು ಇರಲೇಬೇಕು. ಮಕ್ಕಳ ಸಂಖ್ಯೆ 100 ದಾಟಿದರೆ ಪೂರ್ಣಾವಧಿ ಮುಖ್ಯಾಧ್ಯಾಪಕರು, ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಶಿಕ್ಷಕರು. ಜಿಲ್ಲಾ ಪರಿಷದ್ ಶಾಲೆಗಳಲ್ಲಿ ಈ ವಿಷಯ ಶಿಕ್ಷಕರನ್ನು ಪದವೀಧರ ಶಿಕ್ಷಕರು ಎನ್ನುತ್ತಾರೆ.

ಕೆಡುವುದು ಎಲ್ಲಿ? ಗಣಿತ-ವಿಜ್ಞಾನದ ಪದವೀಧರ ಶಿಕ್ಷಕರು ವರ್ಗವಾಗಿ ಹೋಗುತ್ತಾರೆ, ಹುದ್ದೆ ಖಾಲಿ ಬೀಳುತ್ತದೆ. ಮೂರನೇ ತರಗತಿಗೆ ಕಲಿಸುತ್ತಿದ್ದವರು ‘ಸದ್ಯಕ್ಕೆ’ ಎಂದು ಏಳರ ಬೀಜಗಣಿತ ತೆಗೆದುಕೊಳ್ಳುತ್ತಾರೆ. ಆ ಸದ್ಯ ಕೆಲವೊಮ್ಮೆ ಇಡೀ ವರ್ಷ ಮುಂದುವರಿಯುತ್ತದೆ. ಕಾಗದದ ಮೇಲೆ ಶಿಕ್ಷಕರ ಒಟ್ಟು ಸಂಖ್ಯೆ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅದರಲ್ಲಿ 1ರಿಂದ 5ರವರೂ ಸೇರಿರುತ್ತಾರೆ. ಆದ್ದರಿಂದ ‘ಎಷ್ಟು ಜನ ಶಿಕ್ಷಕರಿದ್ದಾರೆ’ ಎಂದು ಕೇಳಿದರೆ ಉಪಯೋಗವಿಲ್ಲ. ಏಳರ ಗಣಿತ ಯಾರದು, ವಿಜ್ಞಾನ ಯಾರದು, ಇಂಗ್ಲಿಷ್ ಯಾರದು, ಅವರು ಕಳೆದ ಜೂನ್‌ನಿಂದ ಇಲ್ಲೇ ಇದ್ದಾರೆಯೇ ಎಂದು ಕೇಳಿ. ಆಮೇಲೆ 6, 7, 8ನೇ ತರಗತಿಗಳ ಗೋಡೆಯ ಮೇಲಿನ ವೇಳಾಪತ್ರಕ ನೋಡಿ. ಮೂರು ತರಗತಿಯ ಮೂರು ಮುಖ್ಯ ವಿಷಯಕ್ಕೂ ಒಬ್ಬರದೇ ಹೆಸರಿದ್ದರೆ ಉಳಿದ ಇಬ್ಬರು ಇಲ್ಲವೆಂದೇ ತಿಳಿಯಿರಿ.

ಹಳ್ಳಿ ಶಾಲೆಯಾದ್ದರಿಂದ 6, 7, 8 ಸೇರಿ ಒಟ್ಟು ಎಷ್ಟು ಮಕ್ಕಳು ಎಂಬುದನ್ನೂ ನೋಡಲೇಬೇಕು. ಪ್ರತಿವರ್ಷ ಮಕ್ಕಳ ಸಂಖ್ಯೆಯ ಮೇಲೆ ಶಿಕ್ಷಕ ಹುದ್ದೆ ನಿಗದಿಯಾಗುತ್ತದೆ, ಇಲ್ಲಿ ಅದಕ್ಕೆ ಸಂಚ ಮಾನ್ಯತೆ ಎನ್ನುತ್ತಾರೆ. 2024ರ ಮಾರ್ಚ್‌ನಲ್ಲಿ ಬಂದ ಸಂಚ ಮಾನ್ಯತೆಯ ಆದೇಶದ ನಂತರ ಈ ಹಂತದಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ಹುದ್ದೆ ಉಳಿಸಿಕೊಳ್ಳುವುದೇ ಕಷ್ಟವಾಗಿದೆ. ಮೂರು ತರಗತಿ ಸೇರಿ 60ರಿಂದ 100 ಮಕ್ಕಳಿದ್ದರೆ ನನ್ನ ಮಟ್ಟಿಗೆ ಅದು ಅತ್ಯುತ್ತಮ ಗಾತ್ರ. ಹುದ್ದೆಗೆ ಭಯವಿಲ್ಲ, ಶಿಕ್ಷಕರಿಗೆ ಪ್ರತಿ ಮಗುವಿನ ಹೆಸರೂ ಗೊತ್ತಿರುತ್ತದೆ. ಭಾಷೆ ಬಾರದ ಮಗುವಿಗೆ ಅದಕ್ಕಿಂತ ಬೇಕಾದ್ದು ಬೇರೆ ಇಲ್ಲ. ಅರವತ್ತೈದು ಮಕ್ಕಳ ತುಕಡಿಯಲ್ಲಿ ಮಾತು ತಿಳಿಯದ ಹುಡುಗಿ ಹಿಂದಿನ ಬೆಂಚಿಗೆ ಸೇರಿಬಿಡುತ್ತಾಳೆ. ಗಲಾಟೆ ಮಾಡದ ಮಗುವಿನ ತೊಂದರೆ ಶಿಕ್ಷಕರ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ.

ಮನೆಯಿಂದಲೇ ನೋಡಬಹುದಾದ ದಾಖಲೆ

ಶಾಲೆಗೆ ಹೋಗುವ ಮುನ್ನ ಮೊಬೈಲಿನಲ್ಲೇ ಅರ್ಧ ಕೆಲಸ ಮುಗಿಸಬಹುದು. ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ತಾಣದಲ್ಲಿ ‘ನೋ ಯುವರ್ ಸ್ಕೂಲ್’ ಎಂಬ ಭಾಗವಿದೆ. ರಾಜ್ಯ ಮಹಾರಾಷ್ಟ್ರ, ಜಿಲ್ಲೆ ಪುಣೆ, ತಾಲ್ಲೂಕು ಮಾವಳ ಆರಿಸಿ ಶಾಲೆಯ ಹೆಸರಿನಿಂದಲೋ ಪಿನ್‌ಕೋಡಿನಿಂದಲೋ ಹುಡುಕಿ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ, ಪುಣೆ ಜಿಲ್ಲೆಯದು 2725ರಿಂದ ಶುರುವಾಗುತ್ತದೆ. ಒಂದೇ ಹೆಸರಿನ ಎರಡು ಶಾಲೆ ಇದ್ದಾಗ ಗುರುತು ಹಿಡಿಯಲು ಈ ಸಂಖ್ಯೆಯೇ ಆಧಾರ. ಶಾಲೆಯ ಬೋರ್ಡಿನ ಮೇಲೆ ಸಾಮಾನ್ಯವಾಗಿ ಬರೆದಿರುತ್ತಾರೆ.

ರಿಪೋರ್ಟ್ ಕಾರ್ಡು ತೆರೆದರೆ ಹತ್ತಾರು ಅಂಕಣ ಬರುತ್ತವೆ. ನಿಮಗೆ ಬೇಕಾದವು ಕೆಲವೇ. ಶಾಲೆಯ ಕೊನೆಯ ತರಗತಿ ಯಾವುದು, ಬೋಧನಾ ಮಾಧ್ಯಮಗಳು ಯಾವುವು, ಆಡಳಿತದ ಬಗೆ ಏನು, ತರಗತಿವಾರು ಮಕ್ಕಳ ಸಂಖ್ಯೆ ಎಷ್ಟು, ಕಾಯಂ ಶಿಕ್ಷಕರೆಷ್ಟು ಗುತ್ತಿಗೆಯವರೆಷ್ಟು. ವರ್ಷ ಬದಲಿಸಿ ಮೂರು ವರ್ಷದ ಕಾರ್ಡು ನೋಡುವುದು ಮುಖ್ಯ. ಮೊದಲ ವರ್ಷದ 6, ಮರುವರ್ಷದ 7, ಅದರ ಮರುವರ್ಷದ 8, ಈ ಮೂರು ಅಂಕಿ ಸಾಲಾಗಿ ಬರೆದುಕೊಳ್ಳಿ. ಅವೇ ಮಕ್ಕಳು ಮೇಲೇರಿದ್ದಾರೆ ಎಂದುಕೊಂಡರೆ 34, 33, 31 ಎಂಬ ಸಾಲು ನೆಮ್ಮದಿಯದು. 48, 39, 27 ಎಂದಿದ್ದರೆ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದಾರೆ, ಕಾರಣ ಕೇಳಿ. ಹುಡುಗಿಯರ ಸಾಲನ್ನು ಬೇರೆಯಾಗಿ ಬರೆಯಿರಿ. ಹುಡುಗರ ಸಂಖ್ಯೆ ನಿಂತು ಹುಡುಗಿಯರದು ಮಾತ್ರ ಇಳಿದಿದ್ದರೆ ದಾರಿಯನ್ನೂ ಶೌಚಾಲಯವನ್ನೂ ಮೊದಲು ಅನುಮಾನಿಸಬೇಕು.

ಈ ಅಂಕಿಗಳನ್ನು ಶಾಲೆಯೇ ತುಂಬುತ್ತದೆ ಎಂಬುದು ನೆನಪಿರಲಿ. ‘ಗ್ರಂಥಾಲಯ ಇದೆ, ಕಂಪ್ಯೂಟರ್ ಇದೆ’ ಎಂಬ ಗೆರೆಗಳಿಗೆ ಹೆಚ್ಚು ಬೆಲೆ ಕೊಡಬೇಡಿ. ಬೀಗ ಹಾಕಿದ ಕೋಣೆಯೂ ‘ಇದೆ’ ಎಂದೇ ಲೆಕ್ಕ. ಇನ್ನು ರಾಷ್ಟ್ರೀಯ ಸಮೀಕ್ಷೆಗಳ ಅಂಕಿ ಹಿಡಿದು ಶಾಲೆ ಹೋಲಿಸಲು ಹೋಗಬೇಡಿ. 2021ರ ನವೆಂಬರ್‌ನ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರ್‌ನ ಪರಖ್ ಸಮೀಕ್ಷೆ, ಇವು ಜಿಲ್ಲೆಯ ಮಟ್ಟದ ಚಿತ್ರ ಕೊಡುತ್ತವೆ, ಶಾಲೆಯದಲ್ಲ.

ಅನುದಾನಿತ ಶಾಲೆಯ ಒಳಗಿನ ಎರಡು ಶಾಲೆ

ಹೊರಗಿನಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲಿ. ಅನುದಾನಿತ ಹೈಸ್ಕೂಲಿನ ಎಲ್ಲ ತುಕಡಿಗಳಿಗೂ ಅನುದಾನ ಇರುವುದಿಲ್ಲ. ಒಂದೇ ಕಟ್ಟಡದಲ್ಲಿ ‘ಅ’ ಮತ್ತು ‘ಬ’ ಅನುದಾನಿತ, ‘ಕ’ ವಿನಾಅನುದಾನಿತ ಆಗಿರಬಹುದು. ಅನುದಾನಿತ ತುಕಡಿಯ ಶಿಕ್ಷಕರಿಗೆ ಸರಕಾರದ ಸಂಬಳ. ವಿನಾಅನುದಾನಿತ ತುಕಡಿಗೆ ಸಂಸ್ಥೆಯೇ ಮಾನಧನ ಕೊಡುತ್ತದೆ, ಅದು ಕಡಿಮೆ. ಹಾಗಾಗಿ ಶಿಕ್ಷಕರು ಬೇರೆ ಕಡೆ ಕೆಲಸ ಸಿಕ್ಕ ಕೂಡಲೇ ಹೋಗುತ್ತಾರೆ, ವರ್ಷದ ನಡುವೆ ಗಣಿತಕ್ಕೆ ಮೂರನೆಯ ಮುಖ ಬರುತ್ತದೆ. ಫೀ ಮಾತ್ರ ಆ ತುಕಡಿಗೇ ಹೆಚ್ಚು. ತಡವಾಗಿ ಹೋದವರಿಗೆ ಉಳಿದಿರುವುದೂ ಸಾಮಾನ್ಯವಾಗಿ ಅದೇ ತುಕಡಿ, ಕೆಲವೆಡೆ ಸೆಮಿ ಎಂದು ಕರೆಯುವುದೂ ಅದನ್ನೇ. ಸೀಟು ಕೊಡುತ್ತೇವೆ ಎಂದಾಗ ‘ಯಾವ ತುಕಡಿ, ಅದಕ್ಕೆ ಅನುದಾನ ಇದೆಯೇ, ವರ್ಷಕ್ಕೆ ಒಟ್ಟು ಎಷ್ಟು ಕಟ್ಟಬೇಕು, ರಸೀದಿ ಕೊಡುತ್ತೀರಾ’ ಎಂದು ಕೇಳಿ.

ಆರಕ್ಕೆ ಸೇರಿಸಲು ಮಗಳಿಗೆ ಪ್ರವೇಶ ಪರೀಕ್ಷೆ ಎಂದರೆ, ಅಥವಾ ಡೊನೇಷನ್ ಕೇಳಿದರೆ, ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಎರಡನ್ನೂ ನಿಷೇಧಿಸಿದೆ. ಡೊನೇಷನ್‌ಗೆ ಪಡೆದ ಹಣದ ಹತ್ತು ಪಟ್ಟುವರೆಗೆ ದಂಡ, ಪರೀಕ್ಷೆಗೆ ಮೊದಲ ಬಾರಿ 25,000 ರೂಪಾಯಿವರೆಗೆ. ಜಗಳಕ್ಕೆ ಹೋಗಬೇಕಿಲ್ಲ. ಈ ಕಲಮು ಗೊತ್ತಿದೆ ಎಂದು ಸಮಾಧಾನದಿಂದ ಹೇಳಿದರೆ ಸಾಕಾಗುತ್ತದೆ. ಆಗದಿದ್ದರೆ ವಡಗಾಂವ್ ಮಾವಳದ ಪಂಚಾಯತ್ ಸಮಿತಿಯಲ್ಲಿ ಗಟಶಿಕ್ಷಣಾಧಿಕಾರಿಗಳಿಗೆ (ನಮ್ಮ ಕಡೆಯ ಕ್ಷೇತ್ರ ಶಿಕ್ಷಣಾಧಿಕಾರಿ) ಲಿಖಿತ ಅರ್ಜಿ ಕೊಡಿ. ಇನ್ನೊಂದು ಮಾತು. ಖಾಸಗಿ ಶಾಲೆಗಳ 25 ಪ್ರತಿಶತ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ) ಸೀಟಿನ ಆಸೆ ತೋರಿಸಿ ದುಡ್ಡು ಕೇಳುವ ಏಜೆಂಟರು ಇರುತ್ತಾರೆ. ಆ ಸೀಟು ಪ್ರವೇಶದ ಮೊದಲ ತರಗತಿಗೆ ಮಾತ್ರ, ಆರಕ್ಕೆ ಇಲ್ಲ.

ಸೌಲಭ್ಯದ ಲೆಕ್ಕವನ್ನೂ ಹಾಕಿಕೊಳ್ಳಿ. ಎಂಟರವರೆಗೆ ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯ ಪಠ್ಯಪುಸ್ತಕ ಮತ್ತು ಮಧ್ಯಾಹ್ನದ ಊಟ ಸರಕಾರಿ, ಸ್ಥಳೀಯ ಸಂಸ್ಥೆ, ಅನುದಾನಿತ ಮೂರರಲ್ಲೂ ಉಚಿತ. ಉಚಿತ ಸಮವಸ್ತ್ರ ಮಾತ್ರ ಮೊದಲ ಎರಡಕ್ಕೆ. ಎಂಟರಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯನ್ನು (ಕೇಂದ್ರ ಸರಕಾರದ ವಿದ್ಯಾರ್ಥಿವೇತನದ್ದು) ಈಗಲೇ ತಲೆಯಲ್ಲಿಡಿ. ಪಾಲಕರ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು, ಏಳರಲ್ಲಿ ಶೇಕಡಾ 55 ಬಂದಿರಬೇಕು, ಪರಿಶಿಷ್ಟರಿಗೆ 50. ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಇದು ಸರಕಾರಿ, ಸ್ಥಳೀಯ ಸಂಸ್ಥೆ, ಅನುದಾನಿತ ಶಾಲೆಯ ಮಕ್ಕಳಿಗಷ್ಟೇ. ಶಾಲೆಯನ್ನು ಅಳೆಯಲು ನನಗೆ ಹತ್ತನೆಯ ರಿಸಲ್ಟಿಗಿಂತ ಇದರ ಮೇಲೆ ಹೆಚ್ಚು ನಂಬಿಕೆ. ಹೋದ ವರ್ಷ ಎಷ್ಟು ಮಕ್ಕಳನ್ನು ಕೂರಿಸಿದಿರಿ, ಎಷ್ಟು ಮಂದಿ ಆಯ್ಕೆಯಾದರು, ಎರಡನ್ನೂ ಕೇಳಿ. ಇಪ್ಪತ್ತು ಮಕ್ಕಳನ್ನು ಕೂರಿಸಿ ಇಬ್ಬರು ಆಯ್ಕೆಯಾದ ಶಾಲೆ, ಆರಿಸಿದ ಮೂವರನ್ನಷ್ಟೇ ಕೂರಿಸಿ ಇಬ್ಬರನ್ನು ಗೆಲ್ಲಿಸಿದ ಶಾಲೆಗಿಂತ ನಿಮ್ಮ ಮಗಳಿಗೆ ಒಳ್ಳೆಯದು.

ಶಾಲೆಗೆ ಹೋದಾಗ

ಮಾರ್ಚ್ ಮುಗಿಯುವ ಮುನ್ನ, ಪಾಠ ನಡೆಯುವ ದಿನ ಹೋಗಿ. ಏಪ್ರಿಲ್‌ನಲ್ಲಿ ಪರೀಕ್ಷೆ, ಮೇ ತಿಂಗಳಲ್ಲಿ ಖಾಲಿ ಕಟ್ಟಡ, ಜೂನ್ ಮಧ್ಯದಲ್ಲಿ ಶಾಲೆ ತೆರೆದಾಗ ನೂಕುನುಗ್ಗಲು. ನಡುಮಧ್ಯಾಹ್ನ, ಊಟದ ಬಿಡುವಿನ ಹೊತ್ತಿಗೆ ತಲುಪುವಂತೆ ನೋಡಿಕೊಳ್ಳಿ. ಬೆಳಿಗ್ಗೆ ಎಲ್ಲ ಶೌಚಾಲಯಗಳೂ ತೊಳೆದಿರುತ್ತವೆ, ಟಾಕಿಯ ನೀರು ಮುಗಿಯುವುದು ಮಧ್ಯಾಹ್ನಕ್ಕೆ. ಮಗಳ ತಾಯಿಯನ್ನು ಕರೆದುಕೊಂಡು ಹೋಗಿ, ಹುಡುಗಿಯರ ಶೌಚಾಲಯವನ್ನು ಅವರೇ ನೋಡಲಿ. ಒಳಚಿಲಕ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ. ಹನ್ನೊಂದರಿಂದ ಹದಿಮೂರರ ಹುಡುಗಿಯರು ತಿಂಗಳಿಗೆ ಎರಡು ಮೂರು ದಿನ ಮನೆಯಲ್ಲೇ ಉಳಿಯುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಊಟವನ್ನೂ ನೋಡಿ. ಈ ವಯಸ್ಸಿನ ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂಬ ಪ್ರಮಾಣವಿದೆ, 700 ಕ್ಯಾಲರಿ, 20 ಗ್ರಾಂ ಪ್ರೋಟೀನು. ಐದರವರೆಗಿನ ಚಿಕ್ಕವರಿಗೂ ಎಂಟರವರಿಗೂ ಒಂದೇ ಸೌಟಿನ ಅಳತೆ ಬಡಿಸುತ್ತಿದ್ದರೆ ದೊಡ್ಡವರಿಗೆ ಕಡಿಮೆ ಬೀಳುತ್ತಿದೆ.

ಆಮೇಲೆ ನೋಟ್‌ಬುಕ್ಕು. ಆರನೆಯ ತರಗತಿಯ ಗಣಿತದ ನೋಟ್‌ಬುಕ್ ತೋರಿಸಿ ಎಂದರೆ ಮೊದಲ ರ‍್ಯಾಂಕಿನ ಮಗುವಿನದೇ ಬರುತ್ತದೆ. ವಿನಯದಿಂದಲೇ ನಡುಸಾಲಿನ ಒಂದು ಮಗುವಿನದು ಕೇಳಿ. ಅದರಲ್ಲಿ ಅಂದದ ಅಕ್ಷರ ನೋಡಬೇಡಿ, ತಪ್ಪು ನೋಡಿ. ತಪ್ಪಾದ ಲೆಕ್ಕಕ್ಕೆ ಕೆಂಪು ಗೆರೆ ಬಿದ್ದು, ಅದರ ಕೆಳಗೆ ಮಗು ಮತ್ತೊಮ್ಮೆ ಸರಿಯಾಗಿ ಮಾಡಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ. ಪುಟಪುಟಕ್ಕೂ ಬರೀ ಸರಿ ಗುರುತು ಇದ್ದರೆ ಹಲಗೆಯಿಂದ ನಕಲು ಮಾಡಿಸಿದ್ದು. ಎಲ್ಲಿಗೆ ಬಂದಿದೆ ಎಂಬುದನ್ನೂ ನೋಡಿ. ಬಳಕೆಯಲ್ಲಿರುವ ಬಾಲಭಾರತಿ ಆರನೇ ಗಣಿತದಲ್ಲಿ 18 ಪಾಠ. ಮೊದಲ ಭಾಗ ಮಸಾವಿ-ಲಸಾವಿಗೆ (ನಮ್ಮ ಮ.ಸಾ.ಅ., ಲ.ಸಾ.ಅ.) ಮುಗಿಯುತ್ತದೆ. ಎರಡನೆಯದರಲ್ಲಿ ಸಮೀಕರಣ, ಅನುಪಾತ, ಶೇಕಡಾ, ಲಾಭ-ನಷ್ಟ, ಸರಳ ಬಡ್ಡಿ, ತ್ರಿಕೋನ, ಚತುರ್ಭುಜ ಬರುತ್ತವೆ. ಮಾರ್ಚ್‌ನಲ್ಲೂ ಮೊದಲ ಭಾಗದಲ್ಲೇ ಇದ್ದರೆ ಶೇಕಡಾ ಮತ್ತು ಅನುಪಾತ ಓಡಿಸಿ ಮುಗಿಸುತ್ತಾರೆ. ಏಳು ಮತ್ತು ಎಂಟು ನಿಂತಿರುವುದು ಆ ಎರಡರ ಮೇಲೆಯೇ. ಹೊಸ ಪಠ್ಯಕ್ರಮದ ಪುಸ್ತಕಗಳು ತರಗತಿಯಿಂದ ತರಗತಿಗೆ ಬರುತ್ತಿವೆ, ಆದ್ದರಿಂದ ಜೂನ್‌ನಲ್ಲಿ ಯಾವ ಆವೃತ್ತಿ ಎಂದು ಕೇಳಿಟ್ಟುಕೊಳ್ಳಿ.

ಪ್ರಗತಿ ಪುಸ್ತಕದ ಅಂಕ ಶಾಲೆಯಿಂದ ಶಾಲೆಗೆ ಹೋಲಿಸಲು ಬರುವುದಿಲ್ಲ. 5 ಮತ್ತು 6ಕ್ಕೆ ಶಿಕ್ಷಕರೇ ವರ್ಷದುದ್ದಕ್ಕೂ ನೋಡಿ ಕೊಡುವ ಆಕಾರಿಕ ಅಂಕ 50, ಸಂಕಲಿತ (ಸತ್ರದ ಕೊನೆಯ) ಪರೀಕ್ಷೆಗೆ 50. 7 ಮತ್ತು 8ಕ್ಕೆ 40 ಮತ್ತು 60. ಧಾರಾಳವಾಗಿ ಆಕಾರಿಕ ಕೊಡುವ ಶಾಲೆಯಲ್ಲಿ ಎಲ್ಲರಿಗೂ ‘ಅ’ ಶ್ರೇಣಿ ಬರುತ್ತದೆ. ಇದರ ಬದಲು ರಾಜ್ಯವೇ ಪ್ರಶ್ನೆಪತ್ರಿಕೆ ಕಳುಹಿಸುವ ಪಾಯಾಭೂತ (ವರ್ಷಾರಂಭದ) ಮತ್ತು ಸಂಕಲಿತ ಚಾಚಣಿಗಳಲ್ಲಿ, ಅಂದರೆ ಪರೀಕ್ಷೆಗಳಲ್ಲಿ, ಗಣಿತದ ಸರಾಸರಿ ಎಷ್ಟಿತ್ತು ಎಂದು ಕೇಳಿ. ಪತ್ರಿಕೆ ಒಂದೇ ಆದ್ದರಿಂದ ಅಲ್ಲಿ ಹೋಲಿಕೆಗೆ ಸ್ವಲ್ಪ ಅರ್ಥವಿದೆ.

ಹೈಸ್ಕೂಲಿನಲ್ಲಿ ಎರಡು ಪಾಳಿ ಇದೆಯೇ ಎಂದೂ ಕೇಳಿ. 6ರಿಂದ 8ಕ್ಕೆ ಕಾಯ್ದೆ ಕೇಳುವುದು ವರ್ಷಕ್ಕೆ 220 ದಿನ, 1,000 ಗಂಟೆ ಪಾಠ, ಅಂದರೆ ದಿನಕ್ಕೆ ನಾಲ್ಕೂವರೆ ಗಂಟೆ. ಐದು ಗಂಟೆಯ ಪಾಳಿಯಲ್ಲಿ ಪ್ರಾರ್ಥನೆ, ಹಾಜರಿ, ಊಟ ಕಳೆದರೆ ಅದು ಸಿಗುವುದಿಲ್ಲ.

ದಾರಿಯ ವಿಷಯ. ತಳೇಗಾಂವ್‌ನ ಊರ ಭಾಗ ಮತ್ತು ಸ್ಟೇಷನ್ ಭಾಗದ ನಡುವೆ ಹಳೆಯ ಪುಣೆ-ಮುಂಬಯಿ ಹೆದ್ದಾರಿ ಹಾಯುತ್ತದೆ. ತಳೇಗಾಂವ್-ಚಾಕಣ ರಸ್ತೆಯ ಲಾರಿ, ಕಂಟೇನರ್ ದಟ್ಟಣೆ ನಿಮಗೆ ದಿನವೂ ಕಣ್ಣೆದುರಿಗಿದೆ. ಜಿಲ್ಲಾ ಪರಿಷದ್ ಶಾಲೆಗೆ ಹೋಗಲು ಮಗಳು ಇವೆರಡರಲ್ಲಿ ಯಾವುದನ್ನಾದರೂ ನಡೆದು ದಾಟಬೇಕಿದ್ದರೆ ಆ ಶಾಲೆ ಎಷ್ಟೇ ಒಳ್ಳೆಯದಿದ್ದರೂ ಬೇಡ. ಹಂಚಿಕೊಂಡ ರಿಕ್ಷಾ ಆಗುವುದಾದರೆ ತಿಂಗಳ ಬಾಡಿಗೆ ಕೇಳಿ ಹನ್ನೊಂದು ತಿಂಗಳ ಲೆಕ್ಕ ಹಾಕಿ. ನಿಮ್ಮ ಕಂಪನಿ ಪಾಳಿ ಬದಲಾದ ವಾರ ಯಾರು ಬಿಡುತ್ತಾರೆ ಎಂಬುದನ್ನೂ ಈಗಲೇ ನಿರ್ಧರಿಸಿ.

ಸೆಮಿ ತೆಗೆದುಕೊಳ್ಳಬೇಕೇ

ಸೆಮಿ ಎಂದರೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ನಂತರ ಯಾವ ಮಾಧ್ಯಮದ ಶಾಲೆಗೆ ಹಾಕಿದರೂ ಮರಾಠಿ ಕಡ್ಡಾಯ. ಹಾಗಾಗಿ ಮರಾಠಿಯನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕಬೇಡಿ, ಕಲಿಸುವ ದಾರಿ ಹುಡುಕಿ. ನಿಮ್ಮ ಮಗಳಿಗೆ ಆರಂಭದಲ್ಲಿ ಇಂಗ್ಲಿಷ್ ಗಣಿತಕ್ಕಿಂತ ಮರಾಠಿ ಗಣಿತವೇ ಹತ್ತಿರ. ಗುಣಾಕಾರ, ಭಾಗಾಕಾರ, ತ್ರಿಕೋನ, ಕೋನ, ಸಮೀಕರಣ, ಇವೆಲ್ಲ ಅವಳಿಗೆ ಗೊತ್ತಿರುವ ಮಾತುಗಳೇ. ಮುಂದೆ ಹನ್ನೊಂದರ ವಿಜ್ಞಾನ ಇಂಗ್ಲಿಷಿನಲ್ಲೇ ಇರುವುದರಿಂದ ಸೆಮಿಗೂ ಬೆಲೆ ಇದೆ. ಸೆಮಿಯ ಏಳನೆಯ ತರಗತಿಯ ಒಂದು ವಿಜ್ಞಾನದ ನೋಟ್‌ಬುಕ್ ತೆಗೆದು, ಅದರಲ್ಲಿ ಬರೆದ ಒಂದು ಉತ್ತರವನ್ನು ಮರಾಠಿಯಲ್ಲಿ ವಿವರಿಸಲು ಆ ಮಗುವನ್ನೇ ಕೇಳಿ. ಹೇಳಿದರೆ ಸೆಮಿ ನಿಜವಾಗಿ ನಡೆಯುತ್ತಿದೆ. ಓದಿ ಒಪ್ಪಿಸಿ ಸುಮ್ಮನಾದರೆ ಬಾಯಿಪಾಠ ನಡೆಯುತ್ತಿದೆ, ಅಂಥಲ್ಲಿ ಸಾದಾ ಮರಾಠಿ ತುಕಡಿಯೇ ಮೇಲು.

ಹೆಚ್ಚಿನ ಕನ್ನಡ ಪಾಲಕರಿಗೆ ತಿಳಿಯದ ಒಂದು ಅನುಕೂಲವಿದೆ. ಬಾಲಭಾರತಿ, ಅಂದರೆ 1967ರಲ್ಲಿ ಪುಣೆಯಲ್ಲಿ ಆರಂಭವಾದ ರಾಜ್ಯದ ಪಠ್ಯಪುಸ್ತಕ ಮಂಡಳಿ, ಎಂಟು ಭಾಷೆಗಳಲ್ಲಿ ಪುಸ್ತಕ ತರುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಸೊಲ್ಲಾಪುರದ ಅಕ್ಕಲಕೋಟೆ, ಸಾಂಗ್ಲಿಯ ಜತ್ತ ಕಡೆಯ ಕನ್ನಡ ಶಾಲೆಗಳಿಗೆ ಹೋಗುವ ಪುಸ್ತಕಗಳವು. ಆರನೆಯ ಗಣಿತ, ವಿಜ್ಞಾನ, ಭೂಗೋಳ, ಇತಿಹಾಸದ ಕನ್ನಡ ಆವೃತ್ತಿಯಲ್ಲಿ ಪಾಠ, ಚಿತ್ರ, ಅಭ್ಯಾಸದ ಲೆಕ್ಕ ಎಲ್ಲ ಮರಾಠಿ ಪುಸ್ತಕದ ಕ್ರಮದಲ್ಲೇ ಇರುತ್ತವೆ. ಇ-ಬಾಲಭಾರತಿ ತಾಣದಲ್ಲಿ ಪಿಡಿಎಫ್ ಉಚಿತ. ನಾಳೆ ಶಾಲೆಯಲ್ಲಿ ಬರುವ ಪಾಠವನ್ನು ಹಿಂದಿನ ಸಂಜೆ ಕನ್ನಡದಲ್ಲಿ ಒಮ್ಮೆ ಓದಿ ಹೋದ ಮಗು ತರಗತಿಯಲ್ಲಿ ಮರಾಠಿಯನ್ನಷ್ಟೇ ಹಿಡಿಯಬೇಕು, ವಿಷಯವನ್ನಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಇರುವ ಮರಾಠಿ ಸುಲಭಭಾರತಿ ಪುಸ್ತಕವನ್ನೂ ಇಳಿಸಿಕೊಳ್ಳಿ. ಶಾಲೆಯ ‘ಬಾಲಭಾರತಿ’ ಎಂಬ ಮರಾಠಿ ಪುಸ್ತಕಕ್ಕಿಂತ ಅದು ಹಗುರ.

ದೇವನಾಗರಿಯನ್ನು ಏಪ್ರಿಲ್-ಮೇ ರಜೆಯಲ್ಲೇ ಶುರುಮಾಡಿ. ಕರ್ನಾಟಕದ ಸರಕಾರಿ ಶಾಲೆಯಲ್ಲಿ ಹಿಂದಿ ಬರುವುದು ಆರಕ್ಕೆ, ಇಲ್ಲಿನ ಮಕ್ಕಳು ಅಷ್ಟರಲ್ಲಿ ಮರಾಠಿಯನ್ನೇ ಐದು ವರ್ಷ ಓದಿರುತ್ತಾರೆ. ಅಕ್ಷರಮಾಲೆಯ ಕ್ರಮ ಒಂದೇ, ಳ ಅಕ್ಷರವೂ ಇದೆ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಓದಲು ಬರುತ್ತದೆ. ಒತ್ತಕ್ಷರವೇ ತಡೆಯುವುದು. ಕನ್ನಡದಲ್ಲಿ ಒತ್ತು ಕೆಳಗೆ ಬರುತ್ತದೆ, ಅಲ್ಲಿ ಅರ್ಧಾಕ್ಷರ ಪಕ್ಕದಲ್ಲಿ ನಿಲ್ಲುತ್ತದೆ. ಆ ಪುಟಗಳಿಗೆ ಎರಡು ವಾರ ಬೇರೆಯಾಗಿ ಇಟ್ಟುಕೊಳ್ಳಿ.

ಕಾಗದಪತ್ರ

ಕರ್ನಾಟಕದಲ್ಲಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಬೀಳುತ್ತದೆ, ಮುಖ್ಯೋಪಾಧ್ಯಾಯರು ಸಿಗುವುದು ಕಷ್ಟವಾಗುತ್ತದೆ. ಅದಕ್ಕೂ ಮುಂಚೆ ಟಿ.ಸಿ. ಪಡೆದು, ಇಂಡಿಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಮೇಲುಸಹಿ ಮಾಡಿಸಿ. ಹೊರ ರಾಜ್ಯದ ಟಿ.ಸಿ.ಗೆ ಇಲ್ಲಿನ ಶಾಲೆಗಳು ಅದನ್ನು ಕೇಳುತ್ತವೆ. ಹೆಸರಿನ ವಿಷಯದಲ್ಲಿ ಎಚ್ಚರ. ನಮ್ಮ ಕಡೆ ಇನಿಷಿಯಲ್ ಬರೆಯುತ್ತಾರೆ. ಇಲ್ಲಿನ ರಿಜಿಸ್ಟರಿನಲ್ಲಿ ಅಡ್ಡಹೆಸರು, ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಬೇರೆ ಬೇರೆ ಮನೆಗಳಲ್ಲಿ ತುಂಬಬೇಕು. ಟಿ.ಸಿ.ಯಲ್ಲಿ ಇನಿಷಿಯಲ್ ಇದ್ದು ಆಧಾರಿನಲ್ಲಿ ಪೂರ್ತಿ ಹೆಸರಿದ್ದರೆ ಊರಲ್ಲಿರುವಾಗಲೇ ಒಂದೇ ರೀತಿ ಮಾಡಿಸಿ. ಹತ್ತನೆಯ ಅಂಕಪಟ್ಟಿಯವರೆಗೂ ಇದೇ ಹೆಸರು ಹೋಗುತ್ತದೆ, ಆಮೇಲೆ ತಿದ್ದಿಸಲು ಬಹಳ ಅಲೆದಾಟ.

ಯುಡೈಸ್‌ನ ಪೆನ್ ಸಂಖ್ಯೆ (ಮಗುವಿನ ಕಾಯಂ ಗುರುತಿನ ಸಂಖ್ಯೆ) ಬರೆಸಿಕೊಂಡು ಬನ್ನಿ. ಊರಿನ ಶಾಲೆ ಆನ್‌ಲೈನ್‌ನಲ್ಲಿ ಮಗುವನ್ನು ಬಿಡುಗಡೆ ಮಾಡಿದರೆ ಮಾತ್ರ ಇಲ್ಲಿನ ಶಾಲೆ ತನ್ನ ಪಟ್ಟಿಗೆ ಎಳೆದುಕೊಳ್ಳಬಹುದು. ಇದು ಬಾಕಿ ಉಳಿದರೆ ಮಗಳು ತರಗತಿಯಲ್ಲಿ ಕೂತಿದ್ದರೂ ಸರಕಾರದ ಲೆಕ್ಕದಲ್ಲಿ ಊರಿನ ಶಾಲೆಯಲ್ಲೇ ಉಳಿಯುತ್ತಾಳೆ, ಸ್ಕಾಲರ್‌ಶಿಪ್ ಅರ್ಜಿಯ ಹೊತ್ತಿಗೆ ತೊಡಕಾಗುತ್ತದೆ. ಕಾಗದ ತಡವಾದರೂ ಸೇರ್ಪಡೆ ನಿಲ್ಲಬೇಕಿಲ್ಲ. ಟಿ.ಸಿ. ತಡವಾಯಿತೆಂದು ಸರಕಾರಿ, ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 5ನೇ ಕಲಮು ಹೇಳುತ್ತದೆ. ‘ಮರಾಠಿ ಬರುವುದಿಲ್ಲ, ಐದಕ್ಕೇ ಕೂರಿಸೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಐದು ಮುಗಿಸಿದ ಮಗು ಆರಕ್ಕೇ ಹೋಗಬೇಕು. ಹಿಂದೆ ಕೂರಿಸಿದರೆ ಭಾಷೆ ಬೇಗ ಬರುವುದಿಲ್ಲ, ಗೊತ್ತಿರುವ ಗಣಿತದ ಮೇಲೆ ಬೇಸರ ಮಾತ್ರ ಬರುತ್ತದೆ.

ಸೇರಿಸಿದ ಮೇಲೆ ದೀಪಾವಳಿಯವರೆಗೆ ಇತಿಹಾಸ, ಭೂಗೋಳದ ಅಂಕ ಕಡಿಮೆ ಬಂದರೆ ಗಾಬರಿ ಬೇಡ, ಅವು ಪೂರ್ತಿ ಭಾಷೆಯ ಮೇಲೆ ನಿಂತ ವಿಷಯಗಳು. ಗಣಿತವನ್ನು ಮಾತ್ರ ಕಣ್ಣಿಟ್ಟು ನೋಡಿ. ತಪ್ಪಾದ ಲೆಕ್ಕವನ್ನೇ ಕನ್ನಡ ಆವೃತ್ತಿಯಿಂದ ತೆಗೆದು ಮಾಡಲು ಹೇಳಿ. ಕನ್ನಡದಲ್ಲಿ ಸರಿ ಮಾಡಿದರೆ ಅಡ್ಡಿ ಭಾಷೆಯದು, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಕನ್ನಡದಲ್ಲೂ ತಪ್ಪಿದರೆ ನಾಲ್ಕು-ಐದನೆಯದರ ಪಾಠವೇ ಬಿಟ್ಟುಹೋಗಿದೆ. ಆಗ ವರ್ಗಶಿಕ್ಷಕರಿಗೆ ಆ ಎರಡು ಹಾಳೆಯನ್ನೂ ತೋರಿಸಿ, ಯಾವ ಪಾಠದಿಂದ ಹಿಂದೆ ಹೋಗಬೇಕೆಂದು ಅವರಿಂದಲೇ ಬರೆಸಿಕೊಂಡು ಬನ್ನಿ.